ಬೆಳಿಗ್ಗೆ 94, ರಾತ್ರಿ 3: ನಮ್ಮ ಬ್ರಾಡ್‌ಬ್ಯಾಂಡ್ ವೇಗದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ವಿಷಯ: ಸಂಜೆ 7ರಿಂದ ರಾತ್ರಿ 11ರವರೆಗೆ ಇಂಟರ್ನೆಟ್ ವೇಗ ಬಿದ್ದುಹೋಗುವುದು, ಸರಿಪಡಿಸದೆ ದೂರು ಮುಚ್ಚುತ್ತಿರುವುದು

ಮಾನ್ಯರೇ,

ತಾವರೆಕೆರೆ ದಾಟಿ, ಮಾಗಡಿ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ಬಂದರೆ ನಮ್ಮ ಹಳ್ಳಿ. ಎರಡು ವರ್ಷದಿಂದ ನಿಮ್ಮ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಫೈಬರ್ ಸಂಪರ್ಕ ಇಟ್ಟುಕೊಂಡಿದ್ದೇವೆ. ಜಿಎಸ್‌ಟಿ ಸೇರಿ ತಿಂಗಳಿಗೆ 943 ರೂಪಾಯಿ. ಒಂದು ತಿಂಗಳೂ ಬಾಕಿ ಉಳಿಸಿಕೊಂಡಿಲ್ಲ. ಕಳೆದ ನಾಲ್ಕು ತಿಂಗಳಲ್ಲಿ ಒಂಬತ್ತು ಸಲ ದೂರು ಕೊಟ್ಟಿದ್ದೇನೆ. ಒಂಬತ್ತೂ ಸಲ 'ನಿಮ್ಮ ದೂರು ಪರಿಹಾರವಾಗಿದೆ' ಎಂದು ಮೆಸೇಜ್ ಬಂದಿದೆ. ತೊಂದರೆ ಮಾತ್ರ ಹಾಗೇ ಇದೆ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಮನೆಯಿಂದಲೇ ಲೆಕ್ಕ ಬರೆಯುತ್ತೇನೆ. ಅವರು ಬಿಲ್ಲುಗಳನ್ನು ಕಳಿಸುವುದೇ ಸಂಜೆ ಆರರ ಮೇಲೆ. ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್ ಪ್ರತಿ ತಿಂಗಳು 20ರೊಳಗೆ ಹಾಕಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಹೋದ ತಿಂಗಳು 20ರ ರಾತ್ರಿ ಪೋರ್ಟಲ್ ನಾಲ್ಕು ಸಲ ಮಧ್ಯದಲ್ಲೇ ಲಾಗ್‌ಔಟ್ ಆಯಿತು. ಕೊನೆಗೆ ನಮ್ಮ ಯಜಮಾನರು ಬೈಕಿನಲ್ಲಿ ತಾವರೆಕೆರೆಗೆ ಕರೆದುಕೊಂಡು ಹೋದರು. ಪರಿಚಯದವರ ಅಂಗಡಿಯಲ್ಲಿ ಕೂತು ಹತ್ತೂವರೆಗೆ ರಿಟರ್ನ್ ಹಾಕಿದೆ. ಮಗಳು ಎರಡನೇ ಪಿಯುಸಿ. ಅವಳ ಸಿಇಟಿ ಕ್ಲಾಸ್ ಏಳೂವರೆಯಿಂದ ಒಂಬತ್ತೂವರೆ. ಮೇಷ್ಟ್ರು ಲೆಕ್ಕ ಬಿಡಿಸುವಾಗ ಚಿತ್ರ ನಿಂತುಹೋಗುತ್ತದೆ. ಮತ್ತೆ ಬರುವಷ್ಟರಲ್ಲಿ ಬೋರ್ಡ್ ಅಳಿಸಿರುತ್ತಾರೆ. ಆಮೇಲೆ ಗೆಳತಿಯ ನೋಟ್ಸ್ ಫೋಟೊ ತರಿಸಿಕೊಂಡು ಬರೆದುಕೊಳ್ಳುತ್ತಾಳೆ. ಮೊಬೈಲ್ ಸಿಗ್ನಲ್ ನಮ್ಮ ಮನೆಯ ತಾರಸಿ ಮೇಲೆ ಮಾತ್ರ ಸಿಗುತ್ತದೆ. ಚಳಿಯಲ್ಲಿ ಶಾಲು ಹೊದ್ದುಕೊಂಡು ಅಲ್ಲೇ ಕೂತು ಕ್ಲಾಸ್ ಕೇಳಿದ್ದೂ ಇದೆ.

ನಿಮ್ಮ ಕಡೆಯಿಂದ ಪ್ರತಿ ಸಲ ಒಂದೇ ಉತ್ತರ: ರೌಟರ್ ಆಫ್ ಮಾಡಿ ಆನ್ ಮಾಡಿ, ವೈಫೈ ದೂರ ಇರಬೇಕು, ಗೋಡೆ ದಪ್ಪ ಇರಬೇಕು. ಅದಕ್ಕೇ ನಾನು ಕೂತು ಒಂದೊಂದಾಗಿ ನೋಡಿದೆ. ಮೊದಲು ವೈಫೈ ಪೂರ್ತಿ ಆಫ್ ಮಾಡಿ, ಮೋಡೆಮ್‌ನಿಂದ ಲ್ಯಾಪ್‌ಟಾಪ್‌ಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿದೆ. ಮನೆಯ ಬೇರೆ ಫೋನು, ಟಿವಿ ಯಾವುದೂ ಆ ಹೊತ್ತಲ್ಲಿ ಸಂಪರ್ಕದಲ್ಲಿ ಇರಲಿಲ್ಲ. 21 ದಿನ, ದಿನಕ್ಕೆ ಮೂರು ಹೊತ್ತು ವೇಗ ಅಳೆದು ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ. ಬೆಳಿಗ್ಗೆ 6ಕ್ಕೆ 92ರಿಂದ 94 ಎಂಬಿಪಿಎಸ್. ಮಧ್ಯಾಹ್ನ 80ರ ಆಸುಪಾಸು. ರಾತ್ರಿ 9ಕ್ಕೆ 3, 4, ಜಾಸ್ತಿ ಅಂದರೆ 7. ಎರಡು ಭಾನುವಾರ 1.8ಕ್ಕೆ ಇಳಿದಿತ್ತು. 2023ರ ಜನವರಿಯಿಂದ ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್‌ಗಿಂತ ಕಡಿಮೆ ಇದ್ದರೆ ಅದು ಬ್ರಾಡ್‌ಬ್ಯಾಂಡೇ ಅಲ್ಲ. ಎಂಬಿಪಿಎಸ್‌ಗೂ ಫೈಲ್ ಇಳಿಯುವಾಗ ಕಾಣುವ ಎಂಬಿಗೂ (ಮೆಗಾಬೈಟ್) ಎಂಟು ಪಟ್ಟು ವ್ಯತ್ಯಾಸ ಇದೆ ಎಂದು ನಿಮ್ಮ ಕಾಲ್ ಸೆಂಟರಿನವರು ತಿಳಿಸಿದರು. ಅದು ನನಗೂ ಗೊತ್ತು. ನಾನು ಬರೆದಿರುವುದೆಲ್ಲ ಎಂಬಿಪಿಎಸ್ ಲೆಕ್ಕವೇ.

ಗೋಡೆ ದಪ್ಪ ಇದ್ದರೆ ಬೆಳಿಗ್ಗೆಯೂ ದಪ್ಪ ಇರಬೇಕು ಅಲ್ವಾ?

ಇನ್ನು ಪಿಂಗ್. ಈ ಪತ್ರ ಓದುವವರು ತಾಂತ್ರಿಕ ವಿಭಾಗದವರು ಅಲ್ಲದಿದ್ದರೆ ಎಂದು ಬಿಡಿಸಿ ಹೇಳುತ್ತೇನೆ. ನಮ್ಮ ಕಂಪ್ಯೂಟರ್ ಕೂಗಿದ್ದಕ್ಕೆ ಆ ಕಡೆಯಿಂದ 'ಓ' ಅನ್ನಲು ಹಿಡಿಯುವ ಹೊತ್ತೇ ಪಿಂಗ್. ರಾತ್ರಿ 9ಕ್ಕೂ ನಮ್ಮ ಮೋಡೆಮ್ 1 ಮಿಲಿಸೆಕೆಂಡಿನಲ್ಲಿ ಓ ಅನ್ನುತ್ತದೆ. ಅದರಾಚೆ ನಿಮ್ಮ ಜಾಲದ ಮೊದಲ ಕೊಂಡಿಯಾದ ಗೇಟ್‌ವೇ ಬೆಳಿಗ್ಗೆ 4 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ, ರಾತ್ರಿ 160, 180 ತೆಗೆದುಕೊಳ್ಳುತ್ತದೆ. ಅಂದರೆ ನಮ್ಮ ಮನೆಯೊಳಗೆ ಏನೂ ಕೆಟ್ಟಿಲ್ಲ. ಮನೆ ದಾಟಿದ ಮೇಲೆ ಡೇಟಾ ಸಾಲಾಗಿ ಕಾಯುತ್ತಿದೆ.

ಫೈಬರ್ ತಂತಿಯದ್ದೂ ತಪ್ಪಿಲ್ಲ. ಹೋದ ಮಳೆಗಾಲದಲ್ಲಿ ಹುಣಸೆಮರದ ಹತ್ತಿರ ಜಾಯಿಂಟ್ ಬಾಕ್ಸಿಗೆ ನೀರು ಹೋಗಿ ಮೋಡೆಮ್‌ನಲ್ಲಿ ಕೆಂಪು ದೀಪ ಬಂದಿತ್ತು. ತಂತಿಯಲ್ಲಿ ಬರುವ ಬೆಳಕಿನ ಸಿಗ್ನಲ್ ಮೈನಸ್ 29 ಡಿಬಿಎಂಗೆ (ಸಿಗ್ನಲ್ ಬಲದ ಅಳತೆ) ಇಳಿದಿತ್ತು. ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಮೋಡೆಮ್‌ಗೆ ಬೆಳಕು ಸಾಲುವುದಿಲ್ಲ ಎಂದು ಬಂದ ಹುಡುಗರೇ ಹೇಳಿದರು. ಸುರಿಯುವ ಮಳೆಯಲ್ಲಿ ಫೈಬರ್ ತುದಿಗಳನ್ನು ಹೊಸದಾಗಿ ಬೆಸೆದು (ಸ್ಪ್ಲೈಸ್ ಮಾಡಿ) ಮೈನಸ್ 21ಕ್ಕೆ ತಂದರು. ಆ ಕೆಲಸಕ್ಕೆ ಇವತ್ತಿಗೂ ಅವರನ್ನು ನೆನೆಯುತ್ತೇವೆ. ಈಗಲೂ ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಅದೇ ಮೈನಸ್ 21 ಇದೆ.

ಹಾಗಾದರೆ ತೊಂದರೆ ಎಲ್ಲಿ? ನಾವು ಸಂಪರ್ಕ ತೆಗೆದುಕೊಂಡಾಗ ಊರಲ್ಲಿ ನಿಮ್ಮ ಗ್ರಾಹಕರು ಹನ್ನೆರಡು ಮನೆಯವರು. ಆಮೇಲೆ ಕೆರೆ ಕಡೆಗೆ ಎರಡು ಲೇಔಟ್ ಬಂದವು. ಈಗ ಆ ಮನೆಗಳಿಗೂ ಇದೇ ಲೈನಿನಿಂದ ಸಂಪರ್ಕ ಕೊಟ್ಟಿದ್ದೀರಿ. ಕೊಡಿ, ಅವರಿಗೂ ಬೇಕು. ಆದರೆ ನಮ್ಮ ಭಾಗದ ಎಲ್ಲ ಮನೆಗಳೂ ಸೇರುವ ತಾವರೆಕೆರೆ ಪಾಯಿಂಟ್‌ನಿಂದ ನಗರದ ಕಡೆಗೆ ಇರುವುದು 1 ಜಿಬಿಪಿಎಸ್‌ನ (1,000 ಎಂಬಿಪಿಎಸ್) ಒಂದೇ ಲಿಂಕ್ ಎಂದು ನಿಮ್ಮ ಸಿಬ್ಬಂದಿಯೇ ಹೇಳಿದ್ದಾರೆ. ಅದು ನಿಜವಾದರೆ ಹತ್ತು ಮನೆಯವರು ಒಟ್ಟಿಗೆ ಪೂರ್ತಿ ವೇಗ ಎಳೆದರೆ ಲಿಂಕ್ ತುಂಬಿತು. ಎಲ್ಲರೂ ಎಲ್ಲ ಹೊತ್ತೂ ಎಳೆಯುವುದಿಲ್ಲ, ಹಂಚಿಕೊಂಡೇ ನಡೆಯಬೇಕು ಎನ್ನುವುದು ನನಗೂ ಅರ್ಥವಾಗುತ್ತದೆ. ಆದರೆ ಸಂಜೆ ಎಲ್ಲರೂ ಮನೆಗೆ ಬಂದು ಟಿವಿ, ಫೋನು ಹಿಡಿಯುತ್ತಾರೆ. ಆ ಹೊತ್ತಿಗೆ ತಕ್ಕಂತೆ ಲಿಂಕ್ ಇರಬೇಕು. ಜನ ಜಾಸ್ತಿ ಬಳಸುವ ಹೊತ್ತಲ್ಲೂ ಇಂಥ ಲಿಂಕಿನ ಬಳಕೆ ಶೇ. 80ರ ಒಳಗೇ ಇರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2006ರಲ್ಲೇ ನಿಯಮ ಮಾಡಿತ್ತು.

ಈಗ ನನಗೆ ಎಲ್ಲಕ್ಕಿಂತ ನೋವಾಗಿರುವ ವಿಷಯ. ನಾನು ದೂರು ಕೊಡುವುದು ರಾತ್ರಿಯ ವೇಗದ ಬಗ್ಗೆ. ನಿಮ್ಮ ಹುಡುಗ ಬರುವುದು ಮಾರನೇ ದಿನ ಬೆಳಿಗ್ಗೆ 11ಕ್ಕೆ. ಆಗ ವೇಗ 90 ಇರುತ್ತದೆ. ಅದರ ಫೋಟೊ ತೆಗೆದು ಕಳಿಸುತ್ತಾನೆ, ನೀವು ದೂರು ಮುಚ್ಚುತ್ತೀರಿ. ಅವನ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಬಿಸಿಲಲ್ಲಿ ಅಷ್ಟು ದೂರ ಬರುತ್ತಾನೆ, ಹೇಳಿದ ಕೆಲಸ ಮಾಡುತ್ತಾನೆ. 'ಅಕ್ಕಾ, ಇದು ನನ್ನ ಕೈಲಿಲ್ಲ, ಮೇಲಿನವರು ನೋಡಬೇಕು' ಎಂದು ಅವನೇ ಎರಡು ಸಲ ಹೇಳಿದ. ದಯವಿಟ್ಟು ಅವನನ್ನು ಸುಮ್ನೆ ಓಡಾಡಿಸಬೇಡಿ. ಮೋಡೆಮ್ ಬದಲಿಸುವ ಕೆಲಸ ಇದಲ್ಲ.

ನಾನು ಕೇಳುವುದು ಇಷ್ಟು. ಆ ಲಿಂಕಿನ ಕಳೆದ ಒಂದು ತಿಂಗಳ ಬಳಕೆಯ ಗ್ರಾಫ್ ತೆಗೆದು ಸಂಜೆ 7ರಿಂದ 11ರವರೆಗಿನ ಭಾಗ ನೋಡಿ. ಲಿಂಕ್ ತುಂಬಿದ್ದರೆ ಯಾವ ದಿನಾಂಕದೊಳಗೆ ದೊಡ್ಡದು ಮಾಡುತ್ತೀರಿ ಎಂದು ಬರವಣಿಗೆಯಲ್ಲಿ ತಿಳಿಸಿ. ತುಂಬಿಲ್ಲದಿದ್ದರೆ ಅದನ್ನೂ ತಿಳಿಸಿ, ಬೇರೆ ಕಾರಣ ಹುಡುಕೋಣ. ನಾನು ಫೋನಿನಲ್ಲಿ ಸರಿ ಎಂದು ಹೇಳುವವರೆಗೆ ದೂರು ಮುಚ್ಚಬೇಡಿ. ಈ ನಾಲ್ಕು ತಿಂಗಳ ಬಿಲ್ಲಿನಲ್ಲಿ ಅರ್ಧ ವಾಪಸ್ ಕೊಡಬೇಕು, ಮುಂದಿನ ಬಿಲ್ಲಿನಲ್ಲಿ ಕಳೆದುಕೊಂಡರೂ ಸರಿ. ಲೇಔಟಿನ ಕೆಲವರೂ ಇದೇ ತೊಂದರೆ ಹೇಳುತ್ತಿದ್ದಾರೆ. ನಾಲ್ಕು ಮನೆಯವರು ರಾತ್ರಿ ಅಳೆದ ವೇಗವನ್ನು ಇದರ ಜೊತೆ ಇಟ್ಟಿದ್ದೇನೆ.

15 ದಿನದಲ್ಲಿ ಉತ್ತರ ಬರದಿದ್ದರೆ ನಿಮ್ಮ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಟೆಲಿಕಾಂ ದೂರುಗಳನ್ನೂ ಅಲ್ಲಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಲ್ಲಿವರೆಗೆ ಹೋಗುವ ಆಸೆ ನನಗಿಲ್ಲ. ಮಗಳ ಪರೀಕ್ಷೆ ಹತ್ತಿರ ಬಂದಿದೆ, ಅಷ್ಟರೊಳಗೆ ಲೈನ್ ಸರಿಯಾದರೆ ಸಾಕು.

ಪರೀಕ್ಷಿಸಲು ಯಾರನ್ನಾದರೂ ಕಳಿಸುವುದಾದರೆ ರಾತ್ರಿ 8ರಿಂದ 10ರೊಳಗೆ ಕಳಿಸಿ. ಯಾವ ದಿನವಾದರೂ ಮನೆಯಲ್ಲಿರುತ್ತೇವೆ. ಮುಖ್ಯ ರಸ್ತೆಯಿಂದ ಒಳಗೆ ಬೀದಿದೀಪ ಇಲ್ಲ, ಬರುವ ಮುಂಚೆ ಫೋನ್ ಮಾಡಿದರೆ ಯಜಮಾನರು ಬಸ್ ಸ್ಟಾಪಿನವರೆಗೆ ಬಂದು ಕರೆದುಕೊಂಡು ಬರುತ್ತಾರೆ.

ಇಂತಿ,
ನಿಮ್ಮ ಗ್ರಾಹಕಿ

ಜೊತೆಗೆ: 21 ದಿನದ ವೇಗದ ಲೆಕ್ಕ, ಪಿಂಗ್ ಫೋಟೊಗಳು, ಒಂಬತ್ತು ದೂರುಗಳ ಸಂಖ್ಯೆ, ನಾಲ್ಕು ಮನೆಯವರು ಅಳೆದ ವೇಗ