ರಬ್ಬರಿಗೆ ಬೆರೆಸುವ ಬಿಳಿ ಪುಡಿಯೆಲ್ಲ ಕಲಬೆರಕೆಯಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾಯಿತೆಂದರೆ ನಮ್ಮ ಕಡೆ ಅಡಿಕೆ ತೋಟಕ್ಕೆ ಇಳಿಯುವವರು ರಬ್ಬರ್ ಬೂಟು ಕೊಳ್ಳಲು ಬರುತ್ತಾರೆ. ಬೂಟನ್ನು ಬಗ್ಗಿಸಿ ನೋಡುತ್ತಾರೆ. ಮಡಿಕೆಯಲ್ಲಿ ಬಿಳಿ ಗೆರೆ ಕಂಡರೆ ಸಾಕು, "ಇದಕ್ಕೆ ಚಾಕ್ ಪುಡಿ ಬೆರೆಸಿದ್ದಾರೆ, ನೀರು ಹೀರುತ್ತದೆ" ಅಂತ ವಾಪಸ್ ಇಡುತ್ತಾರೆ. ಇದು ಅರ್ಧ ಮಾತ್ರ ನಿಜ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಬಹಳ ಕಾಲ ರಬ್ಬರ್ ಮಿಕ್ಸಿಂಗ್ ಮಿಲ್ಲಿನಲ್ಲಿ ದುಡಿದು, ಈಗ ಸುಳ್ಯದ ಹತ್ತಿರ ಒಂದಿಷ್ಟು ರಬ್ಬರ್ ಮರ ನೋಡಿಕೊಂಡಿರುವ ನನಗೆ ಉಳಿದರ್ಧ ಹೇಳಬೇಕೆನಿಸಿತು.

ಬೂಟು, ಮ್ಯಾಟು, ಹೋಸ್ ಪೈಪುಗಳನ್ನು ಬರೀ ರಬ್ಬರಿನಿಂದ ಮಾಡುವುದಿಲ್ಲ. ಚೀನಾ ಕ್ಲೇ ಎಂಬ ಬಿಳಿ ಜೇಡಿಮಣ್ಣು, ಜನ ಚಾಕ್ ಪುಡಿ ಅನ್ನುವ ಕ್ಯಾಲ್ಸಿಯಂ ಕಾರ್ಬೊನೇಟ್, ಮರಳಿನ ಮೂಲವಸ್ತುವಾದ ಸಿಲಿಕಾದಂಥ ಪುಡಿ ಸೇರಲೇಬೇಕು. ಪ್ರಶ್ನೆ ಇರುವುದು ಎಂಥ ಪುಡಿ ಎಂಬುದರಲ್ಲಿ.

ಒಂದು ಲೋಟ ನೀರಿನ ಮೇಲೆ ಸಾದಾ ಕ್ಯಾಲ್ಸಿಯಂ ಕಾರ್ಬೊನೇಟ್ ಉದುರಿಸಿ. ಒದ್ದೆಯಾಗಿ ತಳ ಸೇರುತ್ತದೆ. ಅದೇ ಪುಡಿಗೆ ಸ್ಟಿಯರಿಕ್ ಆಸಿಡ್ ಎಂಬ ಮೇಣದಂಥ ಕೊಬ್ಬಿನಾಮ್ಲದ ಲೇಪ ಕೊಟ್ಟಿದ್ದರೆ ನೀರಿನ ಮೇಲೆಯೇ ತೇಲುತ್ತದೆ. ಬೆರಳಿನಿಂದ ಅದುಮಿದರೂ ಒಣಗಿದ್ದ ಹಾಗೇ ಮೇಲೆ ಬರುತ್ತದೆ, ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಂತೆ. ಹೊಸ ಹುಡುಗರು ಕೆಲಸಕ್ಕೆ ಸೇರಿದಾಗ ನಾನು ಮೊದಲು ತೋರಿಸುತ್ತಿದ್ದುದೇ ಇದನ್ನು. ಲೇಪವಿದ್ದ ಪುಡಿ ಮಿಲ್ಲಿನ ರೋಲಿನ ಮೇಲೆ ರಬ್ಬರಿನೊಂದಿಗೆ ಗಂಟು ಕಟ್ಟದೆ ಬೆರೆಯುತ್ತದೆ. ಲೇಪವಿಲ್ಲದ್ದು ಗಂಟು ಗಂಟಾಗಿ ಉಳಿದು, ಆ ಗಂಟುಗಳ ಸಂದಿಯಲ್ಲಿ ನೀರಿಗೆ ದಾರಿ ಮಾಡಿಕೊಡುತ್ತದೆ. ಸಿಲಿಕಾ ಇನ್ನೂ ಹಟಮಾರಿ. ಸುಮ್ನೆ ಇಟ್ಟರೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದಕ್ಕೆ ಸಿಲೇನ್ ಎಂಬ ರಾಸಾಯನಿಕ ಹಾಕಿ ರಬ್ಬರಿಗೆ ಬೆಸೆಯಬೇಕು.

ಚೀನಾ ಕ್ಲೇಯ ಗುಣ ಬೇರೆ. ಅದರ ಕಣಗಳು ಚಪ್ಪಟೆ ಬಿಲ್ಲೆಗಳು. ಹಾಳೆಯ ಉದ್ದಕ್ಕೂ ಸರಿಯಾಗಿ ಮಲಗಿಕೊಂಡರೆ ನೀರು ನೇರವಾಗಿ ದಾಟಲಾರದು, ಪ್ರತಿ ಬಿಲ್ಲೆಯನ್ನೂ ಸುತ್ತಿ ಬರಬೇಕು. ಆದರೆ ಕ್ಲೇ ಚೆನ್ನಾಗಿ ತೊಳೆದದ್ದಾಗಿರಬೇಕು, ಒಣಗಿರಬೇಕು. ತೇವ ಉಳಿದರೆ ಮಾಲನ್ನು ಅಚ್ಚೊತ್ತುವ ಪ್ರೆಸ್ಸಿನ ಬಿಸಿಗೆ ಆವಿಯಾಗಿ ಮಾಲಿನೊಳಗೆ ಗುಳ್ಳೆ ಬರುತ್ತದೆ.

ಇನ್ನೊಂದು ಮಾತು ನನ್ನಂಥ ಬೆಳೆಗಾರರಿಗೆ. ರಬ್ಬರ್ ತಾನಾಗಿ ನೀರು ಒಲ್ಲದ ವಸ್ತು. ನೀರನ್ನು ಒಳಗೆ ಕರೆಯುವುದು ಮರದ ರಬ್ಬರ್ ಹಾಲಿನೊಂದಿಗೆ ಬರುವ ಪ್ರೋಟೀನು, ಸಕ್ಕರೆ, ಉಪ್ಪಿನಂಶ. ಆಸಿಡ್ ಹಾಕಿ ಹಾಲು ಗಟ್ಟಿಯಾದ ಮೇಲೆ ಶೀಟನ್ನು ಒಳ್ಳೆಯ ನೀರಿನಲ್ಲಿ ತೊಳೆಯದೆ ಹೊಗೆಮನೆಗೆ ಹಾಕಿದರೆ ಇವೆಲ್ಲ ಅಲ್ಲೇ ಕೂರುತ್ತವೆ. ಶೀಟಿಗೆ ಬೂಷ್ಟು ಹಿಡಿಯಲೂ ಇದು ಒಂದು ಕಾರಣ. ಇಂಥ ಶೀಟಿಗೆ ಎಷ್ಟು ಒಳ್ಳೆಯ ಪುಡಿ ಬೆರೆಸಿದರೂ ಏನು ಬಂತು? ಮಿಲ್ಲಿನಲ್ಲಿ ಶೀಟು ಮೂಸಿಯೇ ಹೇಳುತ್ತಿದ್ದೆವು, ಇದು ತೊಳೆದದ್ದೋ ಅಲ್ಲವೋ ಅಂತ.

ಕೆಲವರು ಲಾಭಕ್ಕಾಗಿ ಲೇಪವಿಲ್ಲದ ಅಗ್ಗದ ಪುಡಿಯನ್ನು ಮಿತಿ ಮೀರಿ ತುಂಬುತ್ತಾರೆ, ನಿಜ. ಅಂಥ ಬೂಟು ಬೇಗ ಬಿರಿಯುತ್ತದೆ. ಇಡೀ ದಿನ ಒದ್ದೆಯಲ್ಲಿ ನಿಲ್ಲುವ ತೋಟದ ಕೆಲಸಗಾರರ ಕಾಲಿಗೆ ಹುಣ್ಣಾಗುತ್ತದೆ. ಇದು ನನಗೆ ಸಹಿಸಲಾಗದ ಸಂಗತಿ. ಆದರೆ ಬಿಳಿ ಗೆರೆ ನೋಡಿ ಇದನ್ನು ಹಿಡಿಯಲಾಗದು. ಹಿಡಿಯುವ ದಾರಿ ಕಷ್ಟದ್ದೇನಲ್ಲ. ಒಂದು ತುಂಡು ಕತ್ತರಿಸಿ ತೂಗಬೇಕು, ನೀರಿನಲ್ಲಿ ಇಟ್ಟು, ಒರೆಸಿ, ಮತ್ತೆ ತೂಗಬೇಕು. ಎಷ್ಟು ಭಾರ ಜಾಸ್ತಿಯಾಯಿತೋ ಅಷ್ಟು ನೀರು ಕುಡಿದಿದೆ. ರಬ್ಬರ್ ಪರೀಕ್ಷೆಗೆಂದೇ ಐಎಸ್ 3400 ಎಂಬ ಭಾರತೀಯ ಮಾನಕವೂ ಇದೆ.

ದಕ್ಷಿಣ ಕನ್ನಡದ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಲ್ಯಾಬಿನಲ್ಲಿ ಸಣ್ಣ ಘಟಕಗಳ ಮಾಲಿಗೆ ಈ ಪರೀಕ್ಷೆಯನ್ನು ಕಡಿಮೆ ಶುಲ್ಕಕ್ಕೆ ಮಾಡಿಕೊಡಬೇಕು. ಬಂದ ಅಂಕಿಯನ್ನು ತಯಾರಕರು ಬೂಟಿನ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರ ಇದಕ್ಕೆ ಮುಂದಾಗಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

— ಒಬ್ಬ ರಬ್ಬರ್ ಬೆಳೆಗಾರ, ಸುಳ್ಯ ತಾಲೂಕು