21 ತಂತಿಗಳ ಕೋರಾ

ಮಾನ್ಯ ಸಂಪಾದಕರೇ,

ಆಫ್ರಿಕಾದ ಸಂಗೀತವೆಂದರೆ ಬರೀ ಡೋಲಿನ ಸದ್ದು ಎಂದುಕೊಂಡಿದ್ದೆ. ಮಾಲಿ ದೇಶದ ಕೋರಾ ಕೇಳಿದ ಮೇಲೆ ಆ ತಪ್ಪು ತಿಳಿವಳಿಕೆ ಕರಗಿಹೋಯಿತು. ಸೀಳಿದ ದೊಡ್ಡ ಸೋರೆಬುರುಡೆಗೆ ಹಸುವಿನ ಚರ್ಮ ಬಿಗಿದು 21 ತಂತಿ ಕಟ್ಟಿದ ವಾದ್ಯವದು. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳಷ್ಟೇ ಮೀಟುತ್ತವೆ. ಕೇಳುವವರಿಗೆ ಮೂವರು ಕೂಡಿ ನುಡಿಸಿದಂತಿರುತ್ತದೆ! ವಂಶಗಳ ಚರಿತ್ರೆಯನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದ ಗ್ರಿಯೋ ಮನೆತನಗಳ ವಿದ್ಯೆ ಇದು. ಅಂಥ ಮನೆತನದ ತುಮಾನಿ ಜಬಾತೆ 2024ರ ಜುಲೈನಲ್ಲಿ ತೀರಿಕೊಂಡರು. ಅಲಿ ಫರ್ಕಾ ತುರೆ ಅವರ ಗಿಟಾರಿನೊಂದಿಗೆ ಅವರು ನುಡಿಸಿದ ಆಲ್ಬಮ್‌ಗೆ 2006ರಲ್ಲಿ ಗ್ರ್ಯಾಮಿ ಬಂದಿತ್ತು. ಭಾನುವಾರದ ಪುರವಣಿಯಲ್ಲಿ ಇಂಥವರಿಗೊಂದು ಅಂಕಣ ಕೊಡಿ. ಆಫ್ರಿಕಾ ಮೂಲದ ನಮ್ಮ ಸಿದ್ದಿ ಜನರ ಡಮಾಮಿ ಎಂಬ ಡೋಲು-ಕುಣಿತದ ಬಗೆಗೂ ಅಲ್ಲಿಯೇ ಬರೆಸಿ.

– ಓದುಗ, ಧಾರವಾಡ