ಕಲ್ಲನ್ನು ಪೂರ್ತಿ ಓದು

ಪ್ರೀತಿಯ ತಂಗಿ,

ವಿಜಯನಗರದ ಬುಕ್ಕರಾಯನ ಶ್ರವಣಬೆಳಗೊಳದ ಶಾಸನದ ಬಗ್ಗೆ ನೀನು ಬರೆದದ್ದನ್ನು ಓದಿದೆ. ವಿಷಯ ಚೆನ್ನಾಗಿ ಆರಿಸಿದ್ದೀಯ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ, ದೂರು ರಾಜನ ಮುಂದೆ, ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಡುತ್ತಾನೆ. ಇಂಥ ದೃಶ್ಯ ಶಾಸನಗಳಲ್ಲಿ ಅಪರೂಪ. ಆದರೆ ‘ಎರಡು ದರ್ಶನಕ್ಕೂ ಭೇದವಿಲ್ಲ’ ಎಂಬ ಮಾತು ಸಿಕ್ಕಿದ್ದೇ ತಡ, ಉಳಿದ ಕಲ್ಲನ್ನು ನೀನು ಓದಿಯೇ ಇಲ್ಲ ಅನ್ನಿಸುತ್ತದೆ.

ಮೊದಲ ಶ್ಲೋಕಕ್ಕೆ ಹೋಗು. ಅದು ಜಿನಸ್ತುತಿಯಲ್ಲ, ರಾಮಾನುಜರ ಸ್ತುತಿ. ಅವರನ್ನು ‘ಪಾಷಂಡಸಾಗರ’ವನ್ನು ಸುಡುವ ಬಡಬಾಗ್ನಿ, ಅಂದರೆ ಕಡಲೊಳಗಿನ ಬೆಂಕಿ, ಎಂದು ಹೊಗಳುತ್ತದೆ. ಪಾಷಂಡರೆಂದರೆ ವೇದ ಒಪ್ಪದವರು. ವೈಷ್ಣವರ ಲೆಕ್ಕದಲ್ಲಿ ಜೈನರೂ ಅವರಲ್ಲಿ ಸೇರಿದವರೇ. ಜೈನರಿಗೆ ರಕ್ಷಣೆ ಕೊಡುವ ಶಾಸನ, ನಿಂತಿರುವುದು ಭಂಡಾರಿ ಬಸದಿಯಲ್ಲಿ, ಶುರುವಾಗುವುದು ಹೀಗೆ! ವಿಚಿತ್ರ ಇರುವುದು ಇಲ್ಲಿ. ನಿನ್ನ ಬರಹದಲ್ಲಿ ಈ ಶ್ಲೋಕದ ಸುಳಿವೇ ಇಲ್ಲ.

ಇನ್ನು ತೇದಿ. ‘ಸುಮಾರು 14ನೇ ಶತಮಾನ’ ಎಂದು ಬರೆದು ಕೈತೊಳೆದುಕೊಂಡಿದ್ದೀಯ, ಕಲ್ಲು ದಿನವನ್ನೇ ಹೇಳುತ್ತಿರುವಾಗ! ಶಕ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ 10, ಬೃಹಸ್ಪತಿವಾರ. ಶಕಕ್ಕೆ 78 ಕೂಡಿಸಿದರೆ 1368. (ಜನವರಿಯಿಂದ ಯುಗಾದಿಯವರೆಗಿನ ತಿಂಗಳುಗಳಿಗೆ ಮಾತ್ರ 79.) ಸಂವತ್ಸರ ತಾಳೆ ನೋಡಲು ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸು. ಶೇಷ 42, ಪ್ರಭವದಿಂದ ಎಣಿಸಿದರೆ 42ನೆಯದು ಕೀಲಕವೇ. ಶೇಷ ಒಂದರಷ್ಟು ಹೆಚ್ಚು ಬಂದರೆ ಗಾಬರಿ ಬೇಡ, ಕೆಲವು ಶಾಸನಗಳು ಮುಗಿದ ವರ್ಷಗಳ ಎಣಿಕೆಯ ಬದಲು ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸುತ್ತವೆ. ಈ ಶಾಸನದ ದಿನ 1368ರ ಆಗಸ್ಟ್ 24, ಗುರುವಾರ. ಮೊಬೈಲಿನಲ್ಲಿ ಹುಡುಕಿದರೆ ಬುಧವಾರ ಎಂದು ಬರಬಹುದು. ಆಗ ಶಾಸನದ ವಾರ ತಪ್ಪು ಎಂದು ಬರೆದುಬಿಟ್ಟೀಯೆ! ಮೊಬೈಲು ಈಗಿನ ಗ್ರೆಗೋರಿಯನ್ ಲೆಕ್ಕವನ್ನೇ ಹಿಂದಕ್ಕೆ ಎಳೆಯುತ್ತದೆ. ಇತಿಹಾಸದ ಪುಸ್ತಕಗಳು 1582ಕ್ಕಿಂತ ಹಿಂದಿನದಕ್ಕೆ ಜೂಲಿಯನ್ ತೇದಿ ಕೊಡುತ್ತವೆ. 14ನೇ ಶತಮಾನದಲ್ಲಿ ಎರಡಕ್ಕೂ 8 ದಿನದ ಅಂತರ, ಅಂದರೆ ವಾರದಲ್ಲಿ ಒಂದು ದಿನ ಹಿಂದೆ.

ಪದಗಳಲ್ಲಿ ಎಡವಿದ್ದೀಯ. ಇಲ್ಲಿ ‘ಭಕ್ತರು’ ಎಂದರೆ ಶ್ರೀವೈಷ್ಣವರು, ‘ಭವ್ಯಜನ’ ಎಂದರೆ ಜೈನರು. ‘ಕೋವಿಲ್’ ಯಾವುದೋ ಒಂದು ಗುಡಿಯಲ್ಲ, ಶ್ರೀರಂಗ. ‘ಪೆರುಮಾಳ್ ಕೋವಿಲ್’ ಕಂಚಿ. ‘ತಿರುನಾರಾಯಣಪುರ’ ನಮ್ಮ ಮೇಲುಕೋಟೆ. ಈ ಊರುಗಳ ಆಚಾರ್ಯರ ಜೊತೆಗೆ ತಿರುಕುಲ, ಜಾಂಬವಕುಲದವರನ್ನೂ ಸೇರಿಸಿ ಹದಿನೆಂಟು ನಾಡಿನ ಶ್ರೀವೈಷ್ಣವರು ಎಂದಿದೆ. ಅಂದರೆ ಹೊಲೆಯ, ಮಾದಿಗ ಕುಲದವರು ಈ ಒಪ್ಪಂದದ ಪಟ್ಟಿಯಲ್ಲಿದ್ದಾರೆ. ನೀನು ಬರೆದ ‘ಪಂಡಿತರ ಸಭೆ’ ಅಲ್ಲ ಅದು.

ಜಗಳ ಯಾವುದಕ್ಕೆ ಎಂದು ಓದುಗ ಕೇಳುತ್ತಾನೆ. ರಾಜ ಕೊಟ್ಟದ್ದನ್ನು ನೋಡಿದರೆ ಉತ್ತರದ ದಾರಿ ಕಾಣುತ್ತದೆ: ಹಿಂದಿನ ಮರ್ಯಾದೆಯಂತೆ ಪಂಚಮಹಾವಾದ್ಯವೂ ಕಳಶವೂ ಜೈನರಿಗೆ ಸಲ್ಲಬೇಕು. ಸಿದ್ಧಾಂತಕ್ಕಿಂತ ಬೀದಿಯ ಮಾನದ ಪ್ರಶ್ನೆ. ಆಮೇಲೆ ಹಣ. ಜೈನರು ‘ಬಾಗಿಲುಗಟ್ಟಳೆ’ಯಾಗಿ ಮನೆಗೆ ವರ್ಷಕ್ಕೆ 1 ಹಣ ಕೊಡಬೇಕು, ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳು ಇಡಬೇಕು, ಮಿಕ್ಕದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸೊದೆ, ಅಂದರೆ ಸುಣ್ಣದ ಗಾರೆ, ಹಚ್ಚಿಸಬೇಕು. ದುಡ್ಡು ಜೈನರದು, ಕಾವಲಿನ ಉಸ್ತುವಾರಿ ವೈಷ್ಣವರದು. ಇದನ್ನು ಸೌಹಾರ್ದ ಎನ್ನು, ಬೇಡ ಎನ್ನುವುದಿಲ್ಲ. ಆದರೆ ಈ ಲೆಕ್ಕವನ್ನು ಓದುಗನ ಮುಂದಿಟ್ಟು ಆಮೇಲೆ ಎನ್ನು.

ಬುಕ್ಕನ ಬಾಯಲ್ಲಿ ನೀನಿಟ್ಟ ಅರ್ಧ ಪುಟದ ಭಾಷಣವನ್ನು ತೆಗೆದುಹಾಕು. ‘ಸಾಮ್ರಾಟ’ ಎಂಬುದನ್ನೂ ತೆಗೆ. ಈ ಕಲ್ಲಿನಲ್ಲಿ ಅವನು ಮಹಾಮಂಡಲೇಶ್ವರ, ಸಾಮಂತರಿಗೆ ಸಲ್ಲುತ್ತಿದ್ದ ಬಿರುದು ಅದು. ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಅವನ ಬಿರುದನ್ನು ಇಟ್ಟುಕೋ. ಕೊಟ್ಟ ಮಾತಿಗೆ ತಪ್ಪುವ ರಾಜರನ್ನು ಮಣಿಸುವವನು ಎಂದು ಅದರ ಅರ್ಥ. ಮಾತು ತಪ್ಪಬಾರದ ಒಪ್ಪಂದಕ್ಕೆ ಇದಕ್ಕಿಂತ ಒಳ್ಳೆಯ ಬಿರುದು ನೀನೂ ಕಟ್ಟಲಾರೆ, ನಾನೂ ಕಟ್ಟಲಾರೆ.

ಕೊನೆಗೊಂದು ಸೇರ್ಪಡೆ ಇದೆ, ಅವಸರದಲ್ಲಿ ಎಲ್ಲರೂ ದಾಟಿಹೋಗುವಂಥದ್ದು. ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದ. ಎರಡು ಸಮಯದವರೂ, ಅಂದರೆ ಜೈನರೂ ವೈಷ್ಣವರೂ, ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಕಲ್ಲೇಹವೆಂದರೆ ಮಾಗಡಿ ತಾಲ್ಲೂಕಿನ ಕಲ್ಯ. ಇದೇ ಒಪ್ಪಂದದ ಇನ್ನೊಂದು ಕಲ್ಲು ಅಲ್ಲಿದೆ. ಎರಡರ ಪಾಠವನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸು. ನನ್ನನ್ನು ಕೇಳಿದರೆ ನಿನ್ನ ಲೇಖನ ಶುರುವಾಗಬೇಕಾದದ್ದು ಬುಕ್ಕನಿಂದಲ್ಲ, ಈ ಸೆಟ್ಟಿಯಿಂದ. ತಿದ್ದಿದ ಪ್ರತಿಯನ್ನು ದೀಪಾವಳಿಯೊಳಗೆ ಕಳಿಸು.

ಇಂತಿ,
ನಿನ್ನ ಅಣ್ಣ